ಪೆನ್‌ಡ್ರೈವ್ ಬಿಟ್ಟ ಮೇಲೆ: ವಿಭಾಗದಿಂದ ಮನೆಗೆ ಫೈಲ್ ಸಾಗಿಸಿದ ನನ್ನ ಅನುಭವ

ವಿಶ್ವವಿದ್ಯಾಲಯದ ನಮ್ಮ ವಿಭಾಗದಿಂದ ಮನೆಗೆ ಫೈಲುಗಳನ್ನು ನೆಟ್ ಮೂಲಕವೇ ಕಳಿಸ್ತೀನಿ ಅಂದಾಗ ‘ಇದೆಲ್ಲ ಆಗೋ ಹೋಗೋ ಮಾತಲ್ಲ, ಸುಮ್ಮನೆ ಹಾರ್ಡ್‌ಡಿಸ್ಕ್ ಹೊತ್ಕೊಂಡು ಓಡಾಡಿ’ ಅಂದವರೇ ಈಗ ನನ್ನ ಕಾನ್ಫಿಗ್ (ಸೆಟ್ಟಿಂಗ್) ಫೈಲ್ ಕೇಳ್ತಿದ್ದಾರೆ. ಅದಕ್ಕೇ ಬರೀತಿದ್ದೇನೆ.

ನನ್ನ ಸರಕು ಹಸ್ತಪ್ರತಿಗಳ ಸ್ಕ್ಯಾನ್. ಎ4 ಪುಟ, 600 ಡಿಪಿಐ, ಕಲರ್ ಟಿಫ್ (ಕುಗ್ಗಿಸದೆ ಇಟ್ಟ ಚಿತ್ರದ ಫೈಲ್) ಅಂದರೆ ಹತ್ತಿರ ಹತ್ತಿರ 100 ಎಂಬಿ. ಸಾವಿರ ಪುಟಕ್ಕೆ 100 ಜಿಬಿ. ಗೂಗಲ್ ಡ್ರೈವ್‌ನ ಪುಕ್ಕಟೆ 15 ಜಿಬಿ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟ್‌ನದು, 4 ಜಿಬಿ ದಾಟಿದ ಟಾರ್ (ಹಲವು ಫೈಲ್ ಸೇರಿಸಿದ ಒಂದೇ ಕಟ್ಟು) ಫೈಲನ್ನು ಮುಟ್ಟೋದೇ ಇಲ್ಲ. ಜೊತೆಗೆ ಲ್ಯಾಬ್‌ನಿಂದ ಶಾರ್ಟ್‌ಕಟ್ ವೈರಸ್ ಬೇರೆ. ನಾಲ್ಕೂವರೆ ಸಾವಿರ ಕೊಟ್ಟ ಹಾರ್ಡ್‌ಡಿಸ್ಕ್ ಸಿಟಿ ಬಸ್ಸಿನ ಕುಲುಕಾಟಕ್ಕೆ ವರ್ಷದೊಳಗೇ ಕರಕರ ಅನ್ನತೊಡಗಿತು. ಆ ದುಡ್ಡು ಹೋಯಿತು.

ಮನೆಯ ಕನೆಕ್ಷನ್ ಸಿಜಿನ್ಯಾಟ್ ಹಿಂದೆ, ಅಂದರೆ ಹಲವು ಮನೆಗೆ ಒಂದೇ ಹೊರವಿಳಾಸ, ಹೊರಗಿನಿಂದ ನೇರ ಬರೋಕಾಗಲ್ಲ. ಸ್ಟ್ಯಾಟಿಕ್ ಐಪಿಗೆ (ನಮ್ಮದೇ ಕಾಯಂ ವಿಳಾಸಕ್ಕೆ) ಬೇರೆ ದುಡ್ಡು. ವಿಶ್ವವಿದ್ಯಾಲಯದ ಫೈರ್‌ವಾಲ್ ಒಳಗೆ ಏನನ್ನೂ ಬಿಡಲ್ಲ, ಹೊರಗೆ ಹೋಗೋಕೆ ಪೋರ್ಟ್ 443 (ವೆಬ್‌ಸೈಟುಗಳ ಬಾಗಿಲು) ಮಾತ್ರ. ಹಾಗಾಗಿ ತಿಂಗಳಿಗೆ ನಾನೂರು ಚಿಲ್ಲರೆಯ ವಿಪಿಎಸ್ (ನೆಟ್‌ನಲ್ಲಿ ಬಾಡಿಗೆಗೆ ಸಿಗುವ ಪುಟ್ಟ ಸರ್ವರ್) ಹಿಡಿದು, ಅದರ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಗುಟ್ಟಾಗಿ ಲಾಗಿನ್ ಆಗುವ ದಾರಿ) ಅನ್ನು 443ಕ್ಕೆ ಕೂರಿಸಿದೆ. ಮನೆಯಿಂದ ವಿಪಿಎಸ್‌ಗೆ ಆಟೋಎಸ್‌ಎಸ್‌ಎಚ್‌ನ (ಕಡಿದರೆ ಮತ್ತೆ ಜೋಡಿಸುವ ಎಸ್‌ಎಸ್‌ಎಚ್) ರಿವರ್ಸ್ ಟನಲ್, ಅಂದರೆ ವಾಪಸ್ ಮನೆಗೆ ಬರುವ ಸುರಂಗ; ವಿಭಾಗದಿಂದ ವಿಪಿಎಸ್ ಮೂಲಕ ಆ ಸುರಂಗಕ್ಕೆ ಜಂಪ್; ಅದರ ಮೇಲೆ ಫೈಲ್ ನಕಲು ಮಾಡೋ ಆರ್‌ಸಿಂಕ್. ಎರಡೂ ಕಡೆಯಿಂದ ಹೊರಹೋಗುವ ಸಂಪರ್ಕವೇ, ಯಾರ ಬಾಗಿಲನ್ನೂ ತೆರೆಯಬೇಕಿಲ್ಲ. (ಕಂಪ್ಯೂಟರ್ ಸೆಂಟರ್‌ನ ಅನುಮತಿ ಪತ್ರ ಮೊದಲೇ ತಗೊಂಡಿದ್ದೆ. ನೀವೂ ತಗೊಳ್ಳಿ.) ಆರ್‌ಸಿಂಕ್‌ನ ಪಾರ್ಷಿಯಲ್ ಆಪ್ಷನ್ (ಅರ್ಧ ಬಂದ ಫೈಲನ್ನು ಅಳಿಸದೆ ಉಳಿಸೋದು) ಇರಲೇಬೇಕು. ಕುಗ್ಗಿಸದ ಟಿಫ್‌ಗೆ ಕಂಪ್ರೆಷನ್ ಹಾಕಿದರೆ ಸ್ವಲ್ಪ ಉಳಿತಾಯವಾಗುತ್ತೆ, ಆದರೆ ಸಿಪಿಯು ಬಿಸಿಯಾಗುತ್ತೆ. 20 ಎಂಬಿಪಿಎಸ್ ಸಿಕ್ಕರೆ 100 ಜಿಬಿಗೆ ಹನ್ನೊಂದು ಹನ್ನೆರಡು ಗಂಟೆ: ಸಂಜೆ ಹಚ್ಚಿದರೆ ಬೆಳಗಿನ ಕಾಫಿ ಹೊತ್ತಿಗೆ ಮನೆಯಲ್ಲಿ. ವಿಪಿಎಸ್ ತಗೊಳ್ಳುವಾಗ ಡೇಟಾ ಮಿತಿ ನೋಡಿ. ಕೆಲವರು ಒಳಬಂದದ್ದು, ಹೊರಹೋದದ್ದು ಎರಡನ್ನೂ ಎಣಿಸಿ ಬಿಲ್ ಮಾಡ್ತಾರೆ.

ಹೆಚ್ಚು ತಲೆ ತಿಂದದ್ದು ಕನ್ನಡದ ಫೈಲ್ ಹೆಸರು. ಮನೆಯ ಹಳೇ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ (ಡಿಸ್ಕ್‌ನಲ್ಲಿ ಫೈಲ್ ಇಡುವ ವ್ಯವಸ್ಥೆ) ‘ಕೋ’ ಅನ್ನೋದರ ಓತ್ವವನ್ನು ತುಂಡು ಮಾಡಿ ಇಟ್ಟುಕೊಳ್ಳುತ್ತೆ. ತಿದ್ದಿದ ಫೈಲು ವಾಪಸ್ ಎಳೆದರೆ ವಿಭಾಗದ ಲಿನಕ್ಸ್‌ನಲ್ಲಿ ‘ಕೋಶ’ ಅಂತ ಎರಡು ಫೋಲ್ಡರ್, ಕಣ್ಣಿಗೆ ಎರಡೂ ಒಂದೇ! ಆರ್‌ಸಿಂಕ್‌ನ ಐಕಾನ್ವ್ (ಹೆಸರಿನ ಅಕ್ಷರ ಸಂಕೇತ ಬದಲಿಸುವ) ಆಪ್ಷನ್‌ನಲ್ಲಿ ಮ್ಯಾಕ್ ಕಡೆಗೆ ‘ಯುಟಿಎಫ್-8-ಮ್ಯಾಕ್’ ಅಂತ ಕೊಟ್ಟ ಮೇಲೆ ಸರಿಹೋಯ್ತು. ಆದರೆ ಹಳೇ ಮ್ಯಾಕ್ ಜೊತೆ ಬಂದ ಆರ್‌ಸಿಂಕ್ 2.6.9ಕ್ಕೆ ಆ ಆಪ್ಷನ್ನೇ ಗೊತ್ತಿಲ್ಲ, ಆವೃತ್ತಿ 3 ಹಾಕಿಕೊಳ್ಳಬೇಕು. ಹಾಗೇ ಹೆಸರು ಎಷ್ಟು ಉದ್ದ ಹೋಗುತ್ತೆ ಅಂತಲೂ ನೋಡಿದೆ: ಲಿನಕ್ಸ್ ಮಿತಿ 255 ಬೈಟ್, ಕನ್ನಡದ ಒಂದೊಂದು ಚಿಹ್ನೆಗೂ 3. ಅಂದರೆ 85 ಚಿಹ್ನೆಗೆ ಮುಗೀತು, ಆರು ಚಿಹ್ನೆಯ ‘ಸ್ತ್ರೀ’ ಒಂದೇ 18 ಬೈಟ್ ನುಂಗುತ್ತೆ.

ಕರೆಂಟ್ ಹೋಗಿ ಬಂದ ಮೇಲೆ ಟನಲ್ ತಾನಾಗೇ ಏಳೋಕೆ ಒಂದು ಪುಟ್ಟ ಸ್ಕ್ರಿಪ್ಟ್ ಬರೆದಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸರ್ವರ್ ಅಲೈವ್ ಇಂಟರ್ವಲ್ (ಸಂಪರ್ಕ ಜೀವಂತವೇ ಅಂತ ಎಷ್ಟು ಸೆಕೆಂಡಿಗೊಮ್ಮೆ ವಿಚಾರಿಸಬೇಕು ಅನ್ನೋ ಎಸ್‌ಎಸ್‌ಎಚ್ ಸೆಟ್ಟಿಂಗ್) 30 ಅಂತ ಇಟ್ಟು ನೀವೇ ಶುರು ಮಾಡಿ.