ಹಳೇ ಲ್ಯಾಪ್‌ಟಾಪ್‌ಗೆ ಎಕ್ಸ್‌ಎಫ್‌ಸಿಇ, ಹೊಸದಕ್ಕೆ ಪ್ಲಾಸ್ಮಾ: ನಾನು ಆರಿಸಿದ್ದು ಹೀಗೆ

ಲಿನಕ್ಸ್ ಹಾಕಿಕೊಳ್ಳಬೇಕು ಅಂತ ಹೊರಟವರು ನನ್ನನ್ನು ಮೊದಲು ಕೇಳುವುದು, ‘ಯಾವ ಡೆಸ್ಕ್‌ಟಾಪ್ ಹಗುರ?’ ಡೆಸ್ಕ್‌ಟಾಪ್ ಅಂದರೆ ಇಲ್ಲಿ ಮೆನು, ಅಂಚಿನ ಪಟ್ಟಿ (ಪ್ಯಾನೆಲ್), ಕಿಟಕಿ ಎಲ್ಲ ಸೇರಿದ ಪರದೆಯ ವ್ಯವಸ್ಥೆ; ಲಿನಕ್ಸ್‌ನಲ್ಲಿ ಅದು ಹಲವು ಬಗೆ. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಬೆಂಬಲ ನಿಂತ ಮೇಲಂತೂ ಈ ಪ್ರಶ್ನೆ ಜಾಸ್ತಿಯಾಗಿದೆ. ನಾನು ತಿರುಗಿ ಎರಡು ಮಾತು ಕೇಳುತ್ತೇನೆ. ರ‍್ಯಾಮ್ ಎಷ್ಟಿದೆ? ಒಳಗಿರುವುದು ಹಾರ್ಡ್ ಡಿಸ್ಕೋ, ಅದಕ್ಕಿಂತ ವೇಗದ ಎಸ್‌ಎಸ್‌ಡಿಯೋ? ಇದು ಗೊತ್ತಿಲ್ಲದೆ ಸುಮ್ನೆ ಒಂದು ಹೆಸರು ಹೇಳುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಮನೆಯಲ್ಲಿ 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್ ಇರುವ ಹಳೇ ಲ್ಯಾಪ್‌ಟಾಪ್ ಇತ್ತು. ಅದಕ್ಕೆ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಹಾಕಿ ಎಕ್ಸ್‌ಎಫ್‌ಸಿಇ, ಕೆಡಿಇ ಪ್ಲಾಸ್ಮಾ ಅನ್ನುವ ಎರಡು ಡೆಸ್ಕ್‌ಟಾಪ್‌ಗಳನ್ನೂ ಇನ್‌ಸ್ಟಾಲ್ ಮಾಡಿದೆ. ಯಾವುದು ಬೇಕೋ ಅದನ್ನು ಲಾಗಿನ್ ಪರದೆಯಲ್ಲೇ ಆರಿಸಿಕೊಳ್ಳಬಹುದು. ಆದರೆ ಒಂದೊಂದಕ್ಕೂ ಬೇರೆ ಯೂಸರ್ ಅಕೌಂಟ್ ಮಾಡಿಕೊಳ್ಳಿ. ಒಂದೇ ಅಕೌಂಟ್‌ನಲ್ಲಿ ಎರಡನ್ನೂ ಬಳಸಿದರೆ ಇದರ ಥೀಮು, ಫಾಂಟು ಅದಕ್ಕೆ ಅಂಟಿಕೊಳ್ಳುತ್ತವೆ. ಆಮೇಲೆ ಹೋಲಿಸಿ ನೋಡುವುದು ಕಷ್ಟ.

ಲಾಗಿನ್ ಆದ ಕೂಡಲೇ ಟರ್ಮಿನಲ್‌ನಲ್ಲಿ ‘ಫ್ರೀ’ ಕಮಾಂಡ್ ಕೊಟ್ಟು ನೋಡಿದೆ. ಎಕ್ಸ್‌ಎಫ್‌ಸಿಇ ಹೆಚ್ಚುಕಮ್ಮಿ 600 ಎಂಬಿ, ಪ್ಲಾಸ್ಮಾ ಹತ್ತಿರ ಹತ್ತಿರ 1 ಜಿಬಿ. ಅಲ್ಲಿ ನೋಡಬೇಕಾದ್ದು ‘ಅವೈಲಬಲ್’ ಕಾಲಂ, ‘ಫ್ರೀ’ ಕಾಲಂ ಅಲ್ಲ. ಖಾಲಿ ಬಿದ್ದಿರುವ ರ‍್ಯಾಮನ್ನು ಲಿನಕ್ಸ್ ಕ್ಯಾಶ್‌ಗೆ, ಅಂದರೆ ಡಿಸ್ಕಿನಿಂದ ಓದಿದ್ದನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವುದಕ್ಕೆ, ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ.

ಆಮೇಲೆ ಫೈರ್‌ಫಾಕ್ಸ್ ತೆರೆದು ದಿನಾ ಬಳಸುವ ಟ್ಯಾಬ್‌ಗಳನ್ನೇ ಹಾಕಿದೆ. ಮೇಲ್, ಪತ್ರಿಕೆ, ಯೂಟ್ಯೂಬ್. ಬ್ರೌಸರ್ ಒಂದೇ 2 ಜಿಬಿ ದಾಟಿತು! ಎರಡು ಡೆಸ್ಕ್‌ಟಾಪ್‌ಗಳ ನಡುವಿನ ವ್ಯತ್ಯಾಸ ಇದರ ಮುಂದೆ ಚಿಕ್ಕದು. ಹಾಗಂತ ಕಡೆಗಣಿಸುವ ಹಾಗೂ ಇಲ್ಲ. 4 ಜಿಬಿ ಇರುವಲ್ಲಿ ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕನ್ನು ಬಳಸಿಕೊಳ್ಳುವುದು) ಶುರುವಾಗುವುದೋ ಬಿಡುವುದೋ ಆ 400 ಎಂಬಿ ಮೇಲೇ ನಿಂತಿರುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಸ್ವಾಪ್ ಶುರುವಾಯಿತು ಅಂದರೆ ಮೌಸ್ ಬಾಣ ಕೂಡ ತಡೆತಡೆದು ಓಡುತ್ತದೆ. 8 ಜಿಬಿ ಇದ್ದವರು ಈ ಲೆಕ್ಕ ಹಾಕುವುದೇ ಬೇಡ.

ಚೆಂದ ಇರುವುದರಿಂದಲೇ ಪ್ಲಾಸ್ಮಾ ನಿಧಾನ ಅಂತ ತುಂಬಾ ಜನ ನಂಬಿದ್ದಾರೆ. ನನಗೆ ಕಂಡದ್ದು ಬೇರೆ. ಪಾರದರ್ಶಕ ಮೆನು, ಮಸುಕು ಹಿನ್ನೆಲೆ, ಜಾರಿ ಬರುವ ಕಿಟಕಿ ಇವೆಲ್ಲ ಗ್ರಾಫಿಕ್ಸ್ ಚಿಪ್ಪಿನ ಕೆಲಸ. ಹಳೇ ಇಂಟೆಲ್ ಗ್ರಾಫಿಕ್ಸ್ ಕೂಡ ಅದನ್ನು ಆರಾಮಾಗಿ ನಿಭಾಯಿಸಿತು. ಡಿಸ್ಕ್ ದೀಪ ಮಾತ್ರ ಆರುತ್ತಲೇ ಇರಲಿಲ್ಲ. ಕಾರಣ ಬಾಲೂ, ಅಂದರೆ ಕಡತಗಳನ್ನೆಲ್ಲ ಓದಿ ಹುಡುಕಾಟಕ್ಕೆ ಪಟ್ಟಿ ಮಾಡಿಡುವ ಪ್ರೋಗ್ರಾಂ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಫೈಲ್ ಸರ್ಚ್ ಆಫ್ ಮಾಡಿದೆ, ಡಿಸ್ಕ್ ಸುಮ್ಮನಾಯಿತು. ಅಲಂಕಾರ ನಿಜವಾಗಿ ಭಾರವಾಗುವುದು ಗ್ರಾಫಿಕ್ಸ್ ಡ್ರೈವರ್ ಕೆಲಸ ಮಾಡದಿದ್ದಾಗ. ಪ್ಲಾಸ್ಮಾದ ‘ಅಬೌಟ್ ದಿಸ್ ಸಿಸ್ಟಮ್’ ಪುಟದಲ್ಲಿ ಗ್ರಾಫಿಕ್ಸ್ ಚಿಪ್ ಹೆಸರಿನ ಜಾಗದಲ್ಲಿ ‘ಎಲ್‌ಎಲ್‌ವಿಎಂಪೈಪ್’ ಅಂತಿದ್ದರೆ ಚಿತ್ರ ಬಿಡಿಸುವ ಕೆಲಸವೆಲ್ಲ ಸಿಪಿಯು ತಲೆ ಮೇಲೆ ಬಿದ್ದಿದೆ ಅಂತ ಅರ್ಥ. ಮೊದಲು ಅದನ್ನು ಸರಿಮಾಡಿ.

ಇನ್ನೂ ಹಗುರ ಬೇಕು ಅಂತ ಬರೀ ಓಪನ್‌ಬಾಕ್ಸನ್ನೂ ಹಾಕಿ ನೋಡಿದೆ. ಮೆಮೊರಿ ಉಳಿಯಿತು, ನಿಜ. ಆದರೆ ಅದು ಕಿಟಕಿಗಳನ್ನು ನೋಡಿಕೊಳ್ಳುತ್ತದೆ, ಅಷ್ಟೇ. ವೈಫೈ ಐಕಾನ್, ಪೆನ್‌ಡ್ರೈವ್ ತಾನಾಗಿ ತೆರೆದುಕೊಳ್ಳುವುದು, ಸ್ಕ್ರೀನ್ ಲಾಕ್, ಎಲ್ಲವನ್ನೂ ನಾವೇ ಜೋಡಿಸಬೇಕು. ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ತೊಡಕು. ಕನ್ನಡ, ಇಂಗ್ಲಿಷ್ ಟೈಪಿಂಗ್ ಬದಲಿಸಿಕೊಡುವ ಐಬಸ್ ಓಡುತ್ತಿರುತ್ತದೆ, ಆದರೆ ಪ್ಯಾನೆಲ್ಲೇ ಇಲ್ಲದ ಕಡೆ ಅದರ ಗುರುತು ಎಲ್ಲಿ ಕಾಣಬೇಕು? ಈಗ ಇಂಗ್ಲಿಷ್ ಇದೆಯೋ ಕನ್ನಡ ಇದೆಯೋ ಅಂತ ಒಂದು ಅಕ್ಷರ ಒತ್ತಿಯೇ ತಿಳಿಯಬೇಕು. ಟಿಂಟ್2 ಪ್ಯಾನೆಲ್ ಹಾಕಿದ ಮೇಲೆ ಅದು ಬಗೆಹರಿಯಿತು. ಎಕ್ಸ್‌ಎಫ್‌ಸಿಇ ಇದನ್ನೆಲ್ಲ ಮೊದಲೇ ಜೋಡಿಸಿ ಕೊಡುತ್ತದೆ. ಅದಕ್ಕೆ ಆ 600 ಎಂಬಿ ನನಗೆ ದುಬಾರಿ ಅನ್ನಿಸುವುದಿಲ್ಲ.

ಪ್ಲಾಸ್ಮಾದಲ್ಲೂ ಕನ್ನಡಕ್ಕೆ ಒಂದು ಹೆಜ್ಜೆ ಇದೆ. ವೇಲ್ಯಾಂಡ್ (ಕಿಟಕಿಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆ) ಸೆಷನ್ ಆದರೆ ಕೀಬೋರ್ಡ್ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಭಾಗದಲ್ಲಿ ‘ಐಬಸ್ ವೇಲ್ಯಾಂಡ್’ ಆರಿಸಬೇಕು. ಆಮೇಲೆ ಕೆಜಿಪಿ ಕೀಲಿ ವಿನ್ಯಾಸ, ಅಂದರೆ ‘ನುಡಿ’ ತಂತ್ರಾಂಶ ಬಳಸುವವರಿಗೆ ಅಭ್ಯಾಸ ಇರುವುದು, ಎಂದಿನಂತೆ ಸಿಗುತ್ತದೆ.

ನನ್ನ ಕೆಲಸದ ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ರ‍್ಯಾಮ್ ಇದೆ, 14 ಇಂಚಿನ ಫುಲ್ ಎಚ್‌ಡಿ ಪರದೆ. ಅಲ್ಲಿ ನಾನು ಪ್ಲಾಸ್ಮಾಕ್ಕೆ ಅಂಟಿಕೊಂಡದ್ದು ಕಣ್ಣಿನ ಸಲುವಾಗಿ. ‘ರಾಷ್ಟ್ರ’, ‘ಸ್ತ್ರೀ’ ಅಂತ ಒತ್ತಿನ ಕೆಳಗೆ ಒತ್ತು ಬರುವ ಪದಗಳು ಸಣ್ಣ ಅಕ್ಷರದಲ್ಲಿ ಕಲಸಿ ಹೋಗುತ್ತವೆ. ಪ್ಲಾಸ್ಮಾದಲ್ಲಿ ಸ್ಕೇಲ್ 125% ಇಟ್ಟರೆ ಅಕ್ಷರ, ಐಕಾನ್, ಬಟನ್ ಎಲ್ಲ ಒಟ್ಟಿಗೆ ದೊಡ್ಡದಾಗುತ್ತವೆ. ಎಕ್ಸ್‌ಎಫ್‌ಸಿಇಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಅಪಿಯರೆನ್ಸ್‌ನ ಫಾಂಟ್ಸ್ ಪುಟದಲ್ಲಿ ಡಿಪಿಐ (ಅಕ್ಷರದ ಗಾತ್ರ ಏರಿಳಿಸುವ ಸಂಖ್ಯೆ) 96 ಇದ್ದದ್ದನ್ನು 115ಕ್ಕೆ ಏರಿಸಿದೆ. ಓದುವುದಕ್ಕೆ ಅಷ್ಟು ಸಾಕು.

ಹಳೇ ಲ್ಯಾಪ್‌ಟಾಪ್‌ಗೆ ಆಮೇಲೆ ಎಸ್‌ಎಸ್‌ಡಿ ಹಾಕಿಸಿದೆ. ಈಗ ಅದರಲ್ಲಿ ಪ್ಲಾಸ್ಮಾವೂ ಚೆನ್ನಾಗಿಯೇ ಓಡುತ್ತದೆ. ಆದರೂ ಎಕ್ಸ್‌ಎಫ್‌ಸಿಇಯನ್ನೇ ಉಳಿಸಿದ್ದೇನೆ. ಅದನ್ನು ಬಳಸುವುದು ಅಪ್ಪ, ಮೆನು ಎಲ್ಲಿದೆ ಅಂತ ಅವರಿಗೆ ಕೈಗೇ ಗೊತ್ತು. ಕಿಟಕಿಯ ಅಂಚು ಬಲು ತೆಳು, ಅದನ್ನು ಹಿಡಿದು ಎಳೆದು ಗಾತ್ರ ಬದಲಿಸುವುದು ಅವರಿಗೆ ಕಷ್ಟವಾಗುತ್ತಿತ್ತು. ಆಲ್ಟ್ ಒತ್ತಿಕೊಂಡು ಮೌಸಿನ ಬಲಗುಂಡಿಯಿಂದ ಕಿಟಕಿಯನ್ನು ಎಲ್ಲಿ ಬೇಕಾದರೂ ಹಿಡಿದು ಎಳೆಯಬಹುದು ಅಂತ ತೋರಿಸಿಕೊಟ್ಟೆ. ಈಗ ಹಾಗೇ ಮಾಡುತ್ತಾರೆ. ನನ್ನ ಲ್ಯಾಪ್‌ಟಾಪ್‌ನಲ್ಲೂ ಎಕ್ಸ್‌ಎಫ್‌ಸಿಇ ಸೆಷನ್ ಒಂದನ್ನು ತೆಗೆಯದೆ ಇಟ್ಟಿದ್ದೇನೆ. ಅಪ್‌ಡೇಟ್ ಆದ ಮೇಲೆ ಪ್ಲಾಸ್ಮಾ ತಕರಾರು ಮಾಡಿದರೆ ಅದರಲ್ಲಿ ಲಾಗಿನ್ ಆಗಿ ಅವತ್ತಿನ ಕೆಲಸ ಮುಗಿಸಿಕೊಳ್ಳುತ್ತೇನೆ.