ಹಾಳು ಛತ್ರದ ಏಳು ಅಂಕಣ

ಬಳ್ಳಾರಿಯ ಬ್ರೂಸ್‌ಪೇಟೆಯ ಹಿಂದಿನ ಗಲ್ಲಿಯೊಂದರಲ್ಲಿ ಹಳೆಯ ಛತ್ರ ಇತ್ತು. ಇಪ್ಪತ್ತು ವರ್ಷದಿಂದ ಬೀಗ. ಒಳಗೆ ಪಾರಿವಾಳದ ಹಿಕ್ಕೆ, ಮುರಿದ ಗಾಡಿಚಕ್ರ, ಯಾರದೋ ಮದುವೆಯ ಚಪ್ಪರದ ಕಂಬಗಳು. ಇವತ್ತು ಅಲ್ಲಿ ಏಳು ಚಿಕ್ಕ ಜೀನ್ಸ್ ಯೂನಿಟ್‌ನವರು ಗಿರಾಕಿಗೆ ನೇರವಾಗಿ ಮಾರುತ್ತಿದ್ದೇವೆ. ಹೋದ ದೀಪಾವಳಿಯ ವಾರ ಎಲ್ಲರದೂ ಸೇರಿ ಆರು ಲಕ್ಷದ ಹತ್ತಿರ ವ್ಯಾಪಾರ ಆಯಿತು. "ಹಾಳು ಗೋಡೆಗೆ ದುಡ್ಡು ಮೆತ್ತಬೇಡಪ್ಪ" ಅಂದಿದ್ದ ನಮ್ಮ ಮಾವನವರು ಈಗ ನೆಂಟರನ್ನು ಕರೆದುಕೊಂಡು ಬಂದು ತೋರಿಸುತ್ತಾರೆ. ಹೇಗೆ ಮಾಡಿದಿರಿ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮಂಥವರ ಪಾಡು ನಿಮಗೆ ಗೊತ್ತೇ ಇದೆ. ನನ್ನದು ಕೌಲ್ ಬಜಾರಿನಲ್ಲಿ ಒಂಬತ್ತು ಮಿಷನ್ನಿನ ಯೂನಿಟ್. ಮುನ್ನೂರಕ್ಕೆ ಕೊಟ್ಟ ಪ್ಯಾಂಟು ಬೇರೆ ಲೇಬಲ್ ಹಚ್ಚಿಕೊಂಡು ಎಂಟುನೂರು, ಒಂಬೈನೂರಕ್ಕೆ ಹೋಗುತ್ತೆ. ನಮ್ಮ ದುಡ್ಡು ಕೈಗೆ ಬರೋದು ಮೂರು ತಿಂಗಳಿಗೆ. ಮೇನ್ ರೋಡಿನಲ್ಲಿ ಅಂಗಡಿ ಹಿಡಿಯಲು ಅಡ್ವಾನ್ಸೇ ಐದಾರು ಲಕ್ಷ. ಅದಕ್ಕೇ ಹಳೆಯ ಜಾಗ ಹುಡುಕಿದೆವು.

ಮೊದಲ ಸಲ ಸೋತೆವು. ಹಳೆಯ ಹತ್ತಿ ಗೋದಾಮು ಒಂದನ್ನು ಹನ್ನೊಂದು ತಿಂಗಳ ಕರಾರಿಗೆ ಹಿಡಿದೆವು. ನೆಲ ಸರಿಮಾಡಿ, ವೈರಿಂಗ್ ಎಳೆದು, ಸುಮಾರು ಒಂದೂವರೆ ಲಕ್ಷ ಹಾಕಿದೆವು. ಹನ್ನೆರಡನೇ ತಿಂಗಳಿಗೆ ಮಾಲೀಕರು ಜಾಸ್ತಿ ಬಾಡಿಗೆಗೆ ಬೇರೆಯವರಿಗೆ ಕೊಟ್ಟರು. ಹಾಕಿದ್ದು ಹಾಕಿದಲ್ಲೇ ಉಳಿಯಿತು. ಒಬ್ಬ ಗೆಳೆಯ ಅಲ್ಲಿಗೇ ಕೈಬಿಟ್ಟ. ಅವನ ಪಾಲಿನ ದುಡ್ಡನ್ನು ನಾನೇ ಎರಡು ವರ್ಷದಲ್ಲಿ ತೀರಿಸಿದೆ.

ಕೋಟೆಯ ಬುಡದಲ್ಲೂ ಎರಡು ಜಾಗ ನೋಡಿದ್ದೆವು. ಬಿಟ್ಟುಬಿಟ್ಟೆವು. ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಚಿಕ್ಕ ವ್ಯಾಪಾರಿಗೆ ಅಷ್ಟು ಓಡಾಟ ಆಗೋ ಮಾತಲ್ಲ.

ಛತ್ರದ ಖಾತೆ ನಾಲ್ಕು ಜನ ಅಣ್ಣತಮ್ಮಂದಿರ ಹೆಸರಲ್ಲಿತ್ತು. ಒಬ್ಬರು ಗುಂತಕಲ್ಲಿನಲ್ಲಿ, ಒಬ್ಬರು ಹೈದರಾಬಾದಿನಲ್ಲಿ. ನಾಲ್ವರ ಸಹಿ ಬೀಳುವ ತನಕ ಒಂದು ಇಟ್ಟಿಗೆಯನ್ನೂ ಮುಟ್ಟಲಿಲ್ಲ. ಒಂಬತ್ತು ವರ್ಷದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದೆವು. ಖರ್ಚಿಗೆ ಹೊಟ್ಟೆ ಉರಿಯುತ್ತೆ, ಆದರೂ ಮಾಡಿಸಿ. ರಿಪೇರಿ ನಮ್ಮದು, ಅದಕ್ಕೆ ಮೊದಲ ಒಂದೂವರೆ ವರ್ಷ ಅರ್ಧ ಬಾಡಿಗೆ. ಕರಾರಿನಲ್ಲಿ ಇನ್ನೊಂದು ಸಾಲು ಸೇರಿಸಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಹೊಂದಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಇನ್ನು ಗೋಡೆ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತಲ್ವಾ, ಛತ್ರದ ಮಾಳಿಗೆಯೂ ಆ ಕಡೆಯ ರೀತಿಯದು. ತೇಗದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಗೋಡೆ ಎರಡು ಅಡಿ ದಪ್ಪ. ಒಂದು ಮೂಲೆ ಬಿಟ್ಟರೆ ಮಾಳಿಗೆ ಗಟ್ಟಿಯಿತ್ತು, ಗೋಡೆಯ ಗಾರೆ ಉದುರುತ್ತಿತ್ತು. ಕಂಟ್ರಾಕ್ಟರ್ ಒಬ್ಬರ ಮಾತು ಕೇಳಿ ಮೂರು ಗೋಡೆಗೆ ಸಿಮೆಂಟ್ ಬಳಿಸಿದೆ. ಅರವತ್ತು ಸಾವಿರ. ನೋಡಲು ಚೆನ್ನಾಗಿತ್ತು. ಸೆಪ್ಟೆಂಬರಿನ ಮಳೆಗೆ ಒಳಗಿನ ತೇವ ಹೊರಗೆ ಬರಲು ದಾರಿಯಿಲ್ಲದೆ ಉಪ್ಪು ಬಿಳಿಯಾಗಿ ಎದ್ದಿತು. ಸಿಮೆಂಟ್ ಹೊಟ್ಟೆ ಉಬ್ಬಿಸಿಕೊಂಡು ಹಲಗೆ ಹಲಗೆಯಾಗಿ ಬಿತ್ತು. ಗೋಡೆಗೆ ತಾಗಿಸಿ ಜೋಡಿಸಿದ್ದ ಸುಮಾರು ಇನ್ನೂರೈವತ್ತು ಪ್ಯಾಂಟಿಗೆ ಬೂಷ್ಟು ಹಿಡಿಯಿತು. ಆ ರಾತ್ರಿ ನಾನು ಮತ್ತು ನನ್ನ ಹೆಂಡತಿ ಒಂದೊಂದೇ ಪ್ಯಾಂಟ್ ಬಿಡಿಸಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಉಳಿದದ್ದು ಎಪ್ಪತ್ತು.

ಆಮೇಲೆ ಕುರುಗೋಡಿನ ಕಡೆಯಿಂದ ವಯಸ್ಸಾದ ಗೌಂಡಿ ಒಬ್ಬರನ್ನು ಹುಡುಕಿ ತಂದೆವು. ಅವರು ಗೋಡೆ ತಟ್ಟಿ ನೋಡಿ, "ಇದಕ್ಕೆ ಉಸಿರಾಡಾಕ ಬಿಡ್ರಿ ಅಣ್ಣಾ" ಅಂದರು. ಸಿಮೆಂಟ್ ಎಲ್ಲ ಕಿತ್ತೆವು. ಅಂಗಳದಲ್ಲಿ ಗುಂಡಿ ತೆಗೆದು ಸುಣ್ಣ ಅರಳಿಸಿದೆವು. ಮರಳು, ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಅಳತೆ ಅವರದು, ಅವರ ಹೊಟ್ಟೆಪಾಡು, ಅದಕ್ಕೆ ಹೇಳುವುದಿಲ್ಲ. ಅದರಲ್ಲೂ ಒಂದು ತಪ್ಪು ನಮ್ಮಿಂದ ಆಯಿತು. ಅವಸರಕ್ಕೆ ಏಪ್ರಿಲಿನಲ್ಲಿ ಮೊದಲ ಗೋಡೆ ಮಾಡಿಸಿದೆವು. ನಮ್ಮೂರಿನ ಬಿಸಿಲು ನಲವತ್ತು ದಾಟಿತ್ತು. ಗಾರೆ ಒಂದೇ ದಿನಕ್ಕೆ ಒಣಗಿ ಕೂದಲಿನಂಥ ಬಿರುಕು ಬಿಟ್ಟಿತು. ಉಳಿದದ್ದನ್ನು ದಸರಾ ಮುಗಿದ ಮೇಲೆ, ಒದ್ದೆ ಗೋಣಿಚೀಲ ಹೊದಿಸಿ, ಹದಿನೈದು ದಿನ ನೀರು ಚಿಮುಕಿಸಿ ಮಾಡಿದೆವು. ಮೂರು ಮಳೆಗಾಲ ಕಳೆಯಿತು, ಒಂದು ಚೂರೂ ಬಿದ್ದಿಲ್ಲ. ಮೇ ತಿಂಗಳಲ್ಲೂ ಒಳಗೆ ಬರೀ ಫ್ಯಾನ್ ಸಾಕು. ಬಿಸಿಲಿಗೆ ಬಂದ ಗಿರಾಕಿ ಅರ್ಧ ಗಂಟೆ ಜಾಸ್ತಿ ನಿಲ್ಲುತ್ತಾರೆ, ಅದರ ಲಾಭ ಲೆಕ್ಕದಲ್ಲಿ ಕಾಣುತ್ತೆ.

ಒಟ್ಟು ನಾಲ್ಕೂವರೆ ಲಕ್ಷದ ಸುತ್ತ ಖರ್ಚು. ಏಳು ಜನರಿಗೆ ಹಂಚಿದರೆ ತಲೆಗೆ ಅರವತ್ತೈದು ಸಾವಿರ. ಬ್ಯಾಂಕಿನವರು ಹಳೆಯ ಕಟ್ಟಡ ಅಂತ ಸಾಲ ಕೊಡಲಿಲ್ಲ. ಚೀಟಿ ಎತ್ತಿದೆವು.

ವ್ಯಾಪಾರ ತಕ್ಷಣ ಹಿಡಿಯಲಿಲ್ಲ. ಮೊದಲು ಪ್ಲೈವುಡ್ ಹೊಡೆದು ಏಳು ಪೆಟ್ಟಿಗೆ ಅಂಗಡಿ ಮಾಡಿದ್ದೆವು. ಗಾಳಿ ನಿಂತಿತು, ಬೆಳಕು ನಿಂತಿತು. ಬಾಗಿಲ ಹತ್ತಿರದವನಿಗೆ ಗಿರಾಕಿ, ಒಳಗಿನವನಿಗೆ ನೊಣ. ಎರಡು ತಿಂಗಳಲ್ಲಿ ಜಗಳ ಶುರುವಾಯಿತು. ಒಂದು ಭಾನುವಾರ ಸಿಟ್ಟಿನಲ್ಲಿ ಪ್ಲೈವುಡ್ ಎಲ್ಲ ಕಿತ್ತು ಹಾಕಿದೆ. ಆಗ ಕಂಡಿತು: ಕಂಬದಿಂದ ಕಂಬಕ್ಕೆ ಒಂದು ಅಂಕಣ, ಸರಿಯಾಗಿ ಏಳು. ಕಟ್ಟಿದವರೇ ನಮಗೆ ಜಾಗ ಹಂಚಿಕೊಟ್ಟಿದ್ದರು! ಒಬ್ಬರಿಗೆ ಒಂದು ಅಂಕಣ, ನಡುವೆ ಏನೂ ಅಡ್ಡ ಇಲ್ಲ. ಪ್ರತಿ ತಿಂಗಳು ಒಂದೊಂದು ಅಂಕಣ ಮುಂದಕ್ಕೆ ಸರಿಯುತ್ತೇವೆ. ಹೀಗಾಗಿ ಬಾಗಿಲ ಜಾಗ ಎಲ್ಲರಿಗೂ ಬರುತ್ತೆ. ಬಿಲ್ ಪುಸ್ತಕ ಒಂದೇ ಕಡೆ, ಟ್ರಯಲ್ ರೂಮ್ ಹಳೆಯ ಅಡುಗೆಮನೆಯಲ್ಲಿ.

ಎದುರಿನ ಜಗಲಿಯ ಮೇಲೆ ಎರಡು ಮಿಷನ್ ಇಟ್ಟೆವು. ಉದ್ದ, ಸೊಂಟ ಅಲ್ಲೇ ಸರಿ ಮಾಡಿ ಕೊಡುತ್ತೇವೆ. ಮೊದಲ ಮಹಾಯುದ್ಧದ ಕಾಲಕ್ಕೆ ದಂಡಿನವರ ಬಟ್ಟೆ ಹೊಲಿಯಲು ಬಂದ ದರ್ಜಿಗಳಿಂದ ಬಳ್ಳಾರಿಯ ಈ ಕಸುಬು ಬೆಳೆಯಿತು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಆ ಹೊಲಿಗೆಯನ್ನು ಜನ ಕಣ್ಣಾರೆ ನೋಡಲಿ ಅನ್ನೋದು ನನ್ನ ಆಸೆಯಾಗಿತ್ತು. ಜಗಲಿ ಮಿಷನ್ ಬಂದ ಮೇಲೆ ಮಾರಾಟ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ವಾರವಿಡೀ ತೆರೆಯುವುದನ್ನೂ ಬಿಟ್ಟೆವು. ಗುರುವಾರ, ಶನಿವಾರ, ಭಾನುವಾರ ಮಾತ್ರ. ಉಳಿದ ದಿನ ಯೂನಿಟ್ಟಿನಲ್ಲಿ ಕೆಲಸ ಇರುತ್ತೆ.

ಮಧ್ಯೆ ಒಂದು ಪ್ರಯೋಗ ಮಾಡಿದೆ. ಕಟಿಂಗ್‌ನಲ್ಲಿ ಉಳಿಯುವ ಚಿಂದಿಯನ್ನು ಸೇರಿಸಿ ಅಂಗಳಕ್ಕೆ ನೆರಳಿನ ಪರದೆ ಹೊಲಿಸಿದೆ. ಮಳೆಗೆ ನೆನೆದು ಭಾರಕ್ಕೆ ಹಗ್ಗ ಹರಿಯಿತು. ಕೆಳಗೆ ಬಿದ್ದ ಪರದೆ ನೋಡಿ ನಮ್ಮ ಅತ್ತೆ, "ಇದನ್ನ ಕೌದಿ ಮಾಡಬಾರದಾ?" ಅಂದರು. ಓಣಿಯ ಐದು ಜನ ಹೆಂಗಸರು ಜೀನ್ಸ್ ಚಿಂದಿಯ ಕೌದಿ ಹೊಲಿಯಲು ಶುರು ಮಾಡಿದರು. ಒಂದಕ್ಕೆ ಸಾವಿರದ ಇನ್ನೂರು. ಹಂಪಿಗೆ ಹೋಗುವವರು ದಾರಿಯಲ್ಲಿ ನಿಂತು ಒಯ್ಯುತ್ತಾರೆ. ಹಾಕಿದ ಬಂಡವಾಳ ಬರೀ ದಾರ.

ಹಿತ್ತಲಿನ ಬಾವಿಯ ಹೂಳು ತೆಗೆಸಲು ಹದಿನೆಂಟು ಸಾವಿರ ಹೋಯಿತು. ಗಾರೆಗೆ ನೀರು ಅಲ್ಲಿಂದಲೇ ಸಿಕ್ಕಿತು, ಟ್ಯಾಂಕರ್ ದುಡ್ಡು ಉಳಿಯಿತು. ಜೀನ್ಸ್ ತೊಳೆದು ಕೊಡುವ ವಾಷಿಂಗ್ ಯೂನಿಟ್‌ನವರೊಬ್ಬರು ಆ ಹಿತ್ತಲಿಗೆ ತಿಂಗಳಿಗೆ ಹನ್ನೆರಡು ಸಾವಿರ ಕೊಡುತ್ತೇನೆ ಅಂದರು. ನಮ್ಮ ಇಡೀ ಬಾಡಿಗೆ ಅದರಲ್ಲೇ ತೀರುತ್ತಿತ್ತು. ಬೇಡ ಅಂದೆ. ಬಣ್ಣದ ನೀರು ಒಮ್ಮೆ ನೆಲಕ್ಕೆ ಇಳಿದರೆ ಓಣಿಯ ಬೋರ್‌ವೆಲ್ಲುಗಳ ಗತಿ ಏನು? ಇಬ್ಬರು ಪಾಲುದಾರರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಈಗ ಅದೇ ಬಾವಿಕಟ್ಟೆಯ ಪಕ್ಕ ಮಿರ್ಚಿ, ಒಗ್ಗರಣಿ ಮಾರುವ ಅಕ್ಕ ಒಬ್ಬರು ಕೂರುತ್ತಾರೆ. ಅವರಿಂದ ಬಾಡಿಗೆ ತಗೊಳ್ಳಲ್ಲ, ಸಂಜೆಯ ಗಿರಾಕಿಯಲ್ಲಿ ಅರ್ಧ ಜನ ಅವರ ಬಾಣಲೆಯ ವಾಸನೆಗೇ ಒಳಗೆ ಬರುತ್ತಾರೆ.

ಮೇಲಿನ ಮಾಳಿಗೆಯ ಒಂದು ಮೂಲೆ ಇನ್ನೂ ಬಾಕಿ ಇದೆ. ಎರಡು ತೊಲೆ ಬದಲಿಸಬೇಕು, ಹಳೆಯ ತೇಗಕ್ಕೆ ಎಂಬತ್ತು ಸಾವಿರ ಕೇಳುತ್ತಿದ್ದಾರೆ. ಗೌಂಡಿ ಅಣ್ಣನವರು ಗುಂಡಿಗೆ ಸುಣ್ಣ ಹಾಕಿಸಿ ಊರಿಗೆ ಹೋಗಿದ್ದಾರೆ, ಬನ್ನಿಹಬ್ಬ ಮುಗಿಸಿ ಬರುತ್ತಾರೆ.