ದೋಸೆ ಬರೋದರೊಳಗೆ ಪಿನ್‌ಕೋಡ್ ಒಡೆಯಿರಿ

ದಾವಣಗೆರೆಯಲ್ಲಿ ಭಾನುವಾರ ಬೆಳಿಗ್ಗೆ ಬೆಣ್ಣೆದೋಸೆಗೆ ಎಷ್ಟು ಹೊತ್ತು ಕಾಯಬೇಕು ಅಂತ ಗೊತ್ತಲ್ವಾ. ಮೊನ್ನೆ ಹಾಗೆ ಕೂತಿದ್ದಾಗ ಕೈಯಲ್ಲೊಂದು ಕೊರಿಯರ್ ಕವರ್ ಇತ್ತು, ವಿಳಾಸದ ಕೊನೆಗೆ 577005. ಸುಮ್ನೆ ಕೂರುವ ಬದಲು ಕವರ್ ತಿರುಗಿಸಿ, ಆ ಸಂಖ್ಯೆ ಯಾವ್ಯಾವ ಸಂಖ್ಯೆಗಳ ಗುಣಲಬ್ಧ ಅಂತ ಒಡೆಯಲು ಶುರು ಮಾಡಿದೆ. ಪೆನ್ನಿದ್ದರೆ ನೀವೂ ಜೊತೆಗೆ ಬನ್ನಿ.

ಮೊದಲು ಸುಲಭದ್ದು. ಕೊನೆಯ ಅಂಕಿ 5, ಹಾಗಾಗಿ 5ರಿಂದ ಭಾಗ ಹೋಗುತ್ತದೆ. ಅಂಕಿಗಳ ಮೊತ್ತ 24, ಅಂದರೆ 3ರಿಂದಲೂ ಹೋಗುತ್ತದೆ, 9ರಿಂದ ಇಲ್ಲ.

ಈಗ 7, 11, 13. ಮೂರನ್ನೂ ಒಂದೇ ಏಟಿಗೆ ನೋಡಬಹುದು, ಯಾಕೆಂದರೆ 7×11×13 = 1001. ಸಂಖ್ಯೆಯನ್ನು ನಡುವೆ ಮುರಿಯಿರಿ: 577 ಮತ್ತು 005. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 572. ನಮ್ಮ ಸಂಖ್ಯೆ ಅಂದರೆ 577×1001ರಲ್ಲಿ 572 ಕಳೆದದ್ದು, ಅಷ್ಟೇ. 577×1001 ಅಂತೂ 7, 11, 13 ಮೂರರಿಂದಲೂ ಹೋಗೇ ಹೋಗುತ್ತದೆ, ಆದ್ದರಿಂದ 572 ಒಂದನ್ನು ನೋಡಿದರೆ ಸಾಕು. ಅದು 4×11×13. ಸಿಕ್ಕಿತಲ್ಲ! 11, 13 ಹೋಗುತ್ತವೆ, 7 ಇಲ್ಲ. ಎಲ್ಲದರಿಂದ ಭಾಗಿಸಿದ ಮೇಲೆ 269 ಉಳಿಯುತ್ತದೆ. ಅದು ಅವಿಭಾಜ್ಯ, 13ರವರೆಗೆ ನೋಡಿದರೆ ಸಾಕು, 17ರ ವರ್ಗವೇ 289 ಆಗುತ್ತದೆ.

577005 = 3×5×11×13×269. ಐದೂ ಬೇರೆ ಬೇರೆ, ಒಂದೊಂದನ್ನೂ ಸೇರಿಸಬಹುದು ಇಲ್ಲವೇ ಬಿಡಬಹುದು. ಹಾಗಾಗಿ ಭಾಜಕಗಳು ಒಟ್ಟು 32.

ನನಗೆ ಜಾಸ್ತಿ ಇಷ್ಟವಾಗಿದ್ದು ಇನ್ನೊಂದು ದಾರಿ. 17ನೇ ಶತಮಾನದ ಫರ್ಮಾ ಅನ್ನುವ ಫ್ರೆಂಚ್ ವಕೀಲರದ್ದು. ಸಂಖ್ಯೆಗಿಂತ ಸ್ವಲ್ಪ ಮೇಲಿರುವ ವರ್ಗ ತಗೊಳ್ಳಿ. 760ರ ವರ್ಗ 577600, ನಮ್ಮ ಸಂಖ್ಯೆ ಕಳೆದರೆ 595, ಇದು ವರ್ಗ ಅಲ್ಲ. 761ರ ವರ್ಗ 579121, ಕಳೆದರೆ 2116. ಅರೆ, ಇದು 46ರ ವರ್ಗ! 761ಕ್ಕೆ 46 ಕೂಡಿಸಿ, 46 ಕಳೆಯಿರಿ: 807×715. ಎರಡೇ ಪ್ರಯತ್ನಕ್ಕೆ ಸಂಖ್ಯೆ ಎರಡು ಹೋಳು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ (a+b)(a−b) ಇಷ್ಟು ವರ್ಷಕ್ಕೆ ಕೆಲಸಕ್ಕೆ ಬಂತು.

ಬೆಸ ಸಂಖ್ಯೆ ಆಗಿರಬೇಕು, ಸಮ ಆದರೆ ಮೊದಲು 2ರಿಂದ ಭಾಗಿಸಿಕೊಳ್ಳಿ. ಎರಡು ಹೋಳು ಹತ್ತಿರ ಹತ್ತಿರ ಇದ್ದರೆ ಮಾತ್ರ ಇದು ಬೇಗ ಮುಗಿಯುತ್ತದೆ. 269×2145 ಅನ್ನುವ ಜೋಡಿಯನ್ನೇ ಹೀಗೆ ಹುಡುಕಲು ಹೋದರೆ 448 ಸಲ ವರ್ಗ ಬರೆಯಬೇಕು, ಅಷ್ಟರಲ್ಲಿ ಹೋಟೆಲ್ ಬಾಗಿಲು ಹಾಕಿರುತ್ತಾರೆ.

ಅಂದಹಾಗೆ, ನಮಗೂ ಚಿತ್ರದುರ್ಗ, ಶಿವಮೊಗ್ಗಕ್ಕೂ ಪಿನ್‌ಕೋಡ್ ಶುರುವಾಗುವುದೇ 577ರಿಂದ. ಅದೂ ಅವಿಭಾಜ್ಯ. ಯಜ್ಞವೇದಿಗಳ ಅಳತೆ ಹೇಳುವ ಪ್ರಾಚೀನ ಶುಲ್ಬಸೂತ್ರಗಳಲ್ಲಿ 2ರ ವರ್ಗಮೂಲಕ್ಕೆ ಕೊಟ್ಟಿರುವ ಲೆಕ್ಕ ಕೂಡಿಸಿದರೆ ಬರುವುದು 577/408, ಐದು ದಶಮಾಂಶದವರೆಗೆ ಸರಿ.

ಚಿತ್ರದುರ್ಗದ 577501 ಮಾತ್ರ ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ಏಳು ಸುತ್ತಿನ ಕೋಟೆಯವರಲ್ವಾ! 577ರಲ್ಲಿ 501 ಕಳೆದರೆ 76. 7, 11, 13 ಯಾವುದೂ ಇಲ್ಲ. 97ರವರೆಗೆ ಒಂದೊಂದಾಗಿ ನೋಡಿದೆ, ಒಂದೂ ಹೋಗಲಿಲ್ಲ. ಅಲ್ಲಿಗೆ ಕವರ್‌ನಲ್ಲಿ ಜಾಗ ಮುಗಿಯಿತು.